ಮೋರಿಯ ನಡುವಿನ ಗೆರೆ

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ ಮಡಿವಾಳಪ್ಪನ ಮೂಗಿಗೆ ಮೋರಿಯ ನಾತ ಬಡಿಯಿತು. ಊದುಬತ್ತಿ ಹಚ್ಚಿಟ್ಟಿದ್ದ. ಪಕ್ಕದ ಫ್ಲ್ಯಾಟಿನಲ್ಲಿ ಯಾರೋ ಒಗ್ಗರಣೆ ಹಾಕುತ್ತಿದ್ದರು. ಅದೆಲ್ಲವನ್ನೂ ದಾಟಿಕೊಂಡು, ಕೊಳೆತ ಮೊಟ್ಟೆಗೆ ಮೆಷಿನ್ನಿನ ಎಣ್ಣೆ ಬೆರೆಸಿದಂಥ ಆ ನಾತ ತನ್ನ ಅಂಗೈಯಿಂದಲೇ ಏಳುತ್ತಿದೆ ಎಂದು ಅವನಿಗೆ ಖಾತ್ರಿಯಾಯಿತು. ಮೂರು ಸಲ ಸೋಪು ಹಚ್ಚಿ ತೊಳೆದ ಕೈ ಅದು. ನಿನ್ನೆ ಸಂಜೆ ಶೆಡ್ಡಿನ ಮುಂದೆ ನಿಂತು ಉದ್ದನೆಯ ಸಲಾಕೆಯಿಂದ ಮೋರಿಯನ್ನು ಎರಡು ಸಲ ಕೆದಕಿದ್ದನಷ್ಟೆ, ಅದೂ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು. ಹೊಲಸು ಕೈಯಲ್ಲಿ ಲಿಂಗ ಹಿಡಿದು ಕೂತಿದ್ದೇನಲ್ಲ ಎಂದು ಒಂದು ಮನಸ್ಸು ಅಳುಕುತ್ತಿದ್ದರೆ, ಇನ್ನೊಂದು ಮನಸ್ಸು ಮಧ್ಯಾಹ್ನ ಎರಡಕ್ಕೆ ಬರುವ ಆಡಿಟ್‌ನವರ ಕಾರನ್ನು ಎಲ್ಲಿ ನಿಲ್ಲಿಸಬೇಕು, ಅವರನ್ನು ಯಾವ ಕಡೆಯಿಂದ ಒಳಕ್ಕೆ ಕರೆದುಕೊಂಡು ಹೋದರೆ ನೀರು ಕಾಣುವುದಿಲ್ಲ ಎಂದು ಹವಣಿಸುತ್ತಿತ್ತು. ಇಂಥ ಮನಸ್ಸಿಟ್ಟುಕೊಂಡು ಮಾಡುವುದು ಯಾವ ಪೂಜೆ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಲಿಂಗವನ್ನು ಕರಡಿಗೆಯಲ್ಲಿಟ್ಟು ಎದ್ದ. ಹೆಂಡತಿ ಮಹಾದೇವಿ ತಿಂಡಿ ತಟ್ಟೆ ಹಿಡಿದು ಬಂದಾಗ ಅವಳ ಮುಖದ ಮುಂದೆ ಕೈ ಚಾಚಿ, "ನಾರ್ತೈತೇನು ನೋಡು," ಎಂದ. ಅವಳು ಮೂಸಿ, "ಸೋಪಿನ ವಾಸ್ನಿ ಬರ್ತೈತಿ, ಇನ್ನೇನಿಲ್ಲ. ಮೂರು ದಿನದಿಂದ ಇದೇ ಆತು ನಿಮ್ದು," ಎಂದಳು. ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು ಅವನು ಚಮಚ ಕೇಳಿ ಉಪ್ಪಿಟ್ಟು ತಿಂದ.

ಪೀಣ್ಯದ ಆ ಅಡ್ಡರಸ್ತೆಯ ನಡುವೆ ಆರಡಿ ಅಗಲದ ಮೋರಿ ಹರಿಯುತ್ತದೆ. ಈಚೆ ದಂಡೆಗೆ ಹನ್ನೆರಡು ಶೆಡ್ಡು, ಆಚೆ ದಂಡೆಗೆ ಒಂಬತ್ತು. ಈಚೆಯ ಏಳನೆಯದು ಮಡಿವಾಳಪ್ಪನದು. ಅಲ್ಲಿ ಗೇಜುಗಳನ್ನು ಮಾಡುತ್ತಾರೆ, ಅಂದರೆ ಬೇರೆಯವರು ಮಾಡಿದ ಸಾಮಾನಿನ ಅಳತೆ ಸರಿಯೋ ತಪ್ಪೋ ಎಂದು ಹೇಳುವ ಉಕ್ಕಿನ ಸಾಧನಗಳನ್ನು. ಕೂದಲೆಳೆಯ ಹತ್ತನೇ ಒಂದು ಪಾಲು ಹೆಚ್ಚುಕಮ್ಮಿಯಾದರೂ ತಿಪ್ಪೆಗೆಸೆಯಬೇಕು. ಮೂವತ್ತು ವರ್ಷದಿಂದ ಲೋಕದ ತಪ್ಪು ಹಿಡಿಯುವ ಸಾಮಾನು ಮಾಡಿಕೊಂಡು ಬಂದವನು ಈ ಬೆಳಿಗ್ಗೆ ಬಂದು ನೋಡಿದರೆ ಹೊಸ್ತಿಲಿಗೆ ಎರಡು ಬೆರಳಷ್ಟೇ ಉಳಿಸಿ ಕಪ್ಪು ನೀರು ನಿಂತಿತ್ತು. ಮೇಲೆ ಹಳದಿ ನೊರೆ, ನೊರೆಯಲ್ಲಿ ಟೀ ಕಪ್ಪುಗಳು, ಯಾರದೋ ಮದುವೆಯೂಟದ ಎಲೆ, ಹೊಟ್ಟೆ ಉಬ್ಬಿಸಿಕೊಂಡು ನಿಧಾನಕ್ಕೆ ತಿರುಗುತ್ತಿದ್ದ ಒಂದು ಹೆಗ್ಗಣ. ಶೆಡ್ಡು ಗುಡಿಸುವ ಬಸಕ್ಕ ಗೇಟಿನಿಂದ ಬಾಗಿಲವರೆಗೆ ಇಟ್ಟಿಗೆ ಜೋಡಿಸಿ ದಾರಿ ಮಾಡಿಟ್ಟಿದ್ದಳು. ಅವನು ಪ್ಯಾಂಟು ಎತ್ತಿ ಹಿಡಿದುಕೊಂಡು ಇಟ್ಟಿಗೆಯಿಂದ ಇಟ್ಟಿಗೆಗೆ ಕಾಲಿಟ್ಟ. ಆಡಿಟ್‌ಗೆಂದು ಹಾಕಿಕೊಂಡಿದ್ದ ಬಿಳಿ ಅಂಗಿಯ ತೋಳಿಗೆ ಎಲ್ಲಿಂದಲೋ ಒಂದು ಹನಿ ಹಾರಿತು. ಅದನ್ನು ಒರೆಸಿದಷ್ಟೂ ಕಲೆ ದೊಡ್ಡದಾಯಿತು.

ಹಳೆಯ ಪಾಲಿಕೆ ಒಂದೇ ಇದ್ದಾಗ ಅದೇನು ಸ್ವರ್ಗವಾಗಿರಲಿಲ್ಲ. ಆದರೂ ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಹೂಳೆತ್ತುವ ಯಂತ್ರ ಬರುತ್ತಿತ್ತು. ದೊಡ್ಡದನ್ನು ಒಡೆದು ಐದು ಮಾಡಿದ ಮೇಲೆ ಈಚೆ ದಂಡೆ ಒಂದು ಪಾಲಿಕೆಗೆ ಬಿತ್ತು, ಆಚೆ ದಂಡೆ ಇನ್ನೊಂದಕ್ಕೆ. ಯಂತ್ರ ಆಚೆ ಪಾಲಿಕೆಗೆ ಹೋಯಿತು, ಅದನ್ನು ಓಡಿಸುವ ಡ್ರೈವರು ಈಚೆ ಪಾಲಿಕೆಯಲ್ಲಿ ಉಳಿದ. ಕಸದ ಆಟೋ ಆಚೆ ದಂಡೆಗೆ ಬಂದು, ಈಚೆ ದಂಡೆಯ ಕಸವನ್ನು ಕಣ್ಣೆತ್ತಿಯೂ ನೋಡದೆ ಹೋಗುತ್ತಿತ್ತು. ಲೈಸೆನ್ಸ್ ನವೀಕರಣಕ್ಕೆ ಕೂತರೆ ಕಂಪ್ಯೂಟರು, ನಿಮ್ಮ ವಿಳಾಸ ಈ ಪಾಲಿಕೆಯ ವ್ಯಾಪ್ತಿಯಲ್ಲಿಲ್ಲ ಎಂದು ಎರಡೂ ಕಡೆ ಒಂದೇ ಮಾತು ಹೇಳುತ್ತಿತ್ತು. ಮೂಲೆಯ ಸ್ಪ್ರಿಂಗ್ ಕಾರ್ಖಾನೆಯವನು ಆರು ತಿಂಗಳು ಅಲೆದು, ಉಗಿದು, ಮೆಷಿನ್ನುಗಳನ್ನು ಲಾರಿಗೆ ಹೇರಿಕೊಂಡು ಜಿಗಣಿಗೆ ಹೊರಟುಹೋದ. ಮೋರಿ ಮಾತ್ರ ಎಲ್ಲಿಗೂ ಹೋಗುವಂತಿರಲಿಲ್ಲ. ಮಡಿವಾಳಪ್ಪನ ಶೆಡ್ಡಿನ ಎದುರಿಗೇ ಮೋರಿಗೆ ಅಡ್ಡಲಾಗಿ ಹಾಕಿದ ಕಲ್ಲುಚಪ್ಪಡಿಯ ಸೇತುವೆಯಿದೆ. ಅದರ ಕೆಳಗೆ ಏನೋ ಸಿಕ್ಕಿಕೊಂಡು, ಇಡೀ ಅಡ್ಡರಸ್ತೆಯ ಹೊಲಸು ಅಲ್ಲೇ ನಿಂತು ಕೊಳೆಯುತ್ತಿತ್ತು.

ಆಚೆ ದಂಡೆಯಲ್ಲಿ ಪೇಂಟಿಂಗ್ ಶೆಡ್ಡು ಇಟ್ಟಿರುವ ಚಿಕ್ಕಮುನಿಯಪ್ಪ ಪಂಚೆ ಮೇಲೆತ್ತಿ ಕಟ್ಟಿಕೊಂಡು ನಿಂತಿದ್ದ. ಈ ಕಾರ್ಖಾನೆಗಳು ನಿಂತಿರುವ ನೆಲದಲ್ಲಿ ಅವನ ಅಪ್ಪ ರಾಗಿ ಬೆಳೆದಿದ್ದನಂತೆ. "ಏನ್ ಮಡಿವಾಳಪ್ಪೋರೆ, ನಿಮ್ ಪಾಲಿಕೆ ನೀರು ನಮ್ ಪಾಲಿಕೆಗೆ ನುಗ್ತಾ ಐತೆ, ಪಾಸ್‌ಪೋರ್ಟ್ ಗೀಸ್‌ಪೋರ್ಟ್ ಐತಾ?" ಎಂದು ಕೂಗಿದ. ಮಡಿವಾಳಪ್ಪ ನಕ್ಕ. ಚಿಕ್ಕಮುನಿಯಪ್ಪ ಮಾತು ಮುಂದುವರಿಸಿದ. "ಗಂಡ ಹೆಂಡ್ರ ಜಗಳ್ದಾಗೆ ಕೂಸು ಬಡವಾಯ್ತು ಅನ್ನಂಗಾಯ್ತು ನಮ್ ಪಾಡು. ಯಾವನೋ ಪುಣ್ಯಾತ್ಮ ಸರೀಗೆ ಮೋರಿ ನೆತ್ತಿ ಮ್ಯಾಲೇ ಗೆರೆ ಎಳ್ದವ್ನೆ. ಕೈಗೆ ಸಿಕ್ಕುದ್ರೆ ಇದ್ರೊಳ್ಗೇ ಮೂರ್ ಸಲ ಮುಳುಗ್ಸಿ ಎತ್ಬೇಕು ನೋಡಿ." ಮಡಿವಾಳಪ್ಪ ಮತ್ತೆ ನಕ್ಕ. ಈ ಸಲದ ನಗು ತನಗೇ ಕೇಳಿಸಿ, ಅದು ಎಂಥ ನಗು ಎಂದು ಗೊತ್ತಾಯಿತು. ಗೆರೆ ಎಳೆದ ಪುಣ್ಯಾತ್ಮ ಇಟ್ಟಿಗೆಯ ಮೇಲೆ ಒಂಟಿಕಾಲಿನ ಕೊಕ್ಕರೆಯಂತೆ ನಿಂತುಕೊಂಡಿದ್ದ.

ಪಾಲಿಕೆಯನ್ನು ಒಡೆಯುವಾಗ ಮೊದಲು ಹೊರಡಿಸಿದ ಕರಡಿನಲ್ಲಿ ಗಡಿ ದೂರದ ಮುಖ್ಯರಸ್ತೆಯಲ್ಲಿತ್ತು. ಇಡೀ ಅಡ್ಡರಸ್ತೆ ಆಚೆ ಪಾಲಿಕೆಗೇ ಸೇರಿತ್ತು. ಆಕ್ಷೇಪಣೆ ಇದ್ದರೆ ತಿಂಗಳೊಳಗೆ ಕೊಡಿ ಎಂದಿದ್ದರು. ಯಾರೂ ಕೊಡಲಿಲ್ಲ, ಮಡಿವಾಳಪ್ಪ ಕೊಟ್ಟ. ಮಹಾದೇವಿಯ ಸೋದರಮಾವನ ಮಗ ಕೊಟ್ರೇಶ್ ಈಚೆ ಪಾಲಿಕೆಯ ಕಂದಾಯ ವಿಭಾಗಕ್ಕೆ ಬರುತ್ತಾನೆಂದು ಸುದ್ದಿಯಿತ್ತು. ನಮ್ಮವನೊಬ್ಬ ಒಳಗಿದ್ದರೆ ಖಾತೆ, ಲೈಸೆನ್ಸು ಎಲ್ಲ ಸಲೀಸು ಎಂದು ಲೆಕ್ಕ ಹಾಕಿ, ಅಡ್ಡರಸ್ತೆಯ ಕಾರ್ಖಾನೆದಾರರ ಸಂಘದ ಕಾರ್ಯದರ್ಶಿಯಾಗಿದ್ದವನು ಸಂಘದವರನ್ನು ಒಂದು ಮಾತೂ ಕೇಳದೆ ಸಂಘದ ಹಾಳೆಯ ಮೇಲೆ ಅರ್ಜಿ ಬರೆದ, ಗಡಿಯನ್ನು ಮೋರಿಯವರೆಗೆ ಸರಿಸಿ ಎಂದು. ಬರೆದು ಸುಮ್ಮನಾಗಲಿಲ್ಲ. ಅರ್ಜಿ ಜೊತೆ ಡ್ರಾಯಿಂಗ್ ಇಟ್ಟ. ಒಂದು ಭಾನುವಾರ ಶೆಡ್ಡಿನ ಕೆಲಸಗಾರ ಹಣಮಂತನನ್ನು ಕರೆಸಿ, ಟೇಪಿನ ಆ ತುದಿ ಅವನ ಕೈಗೆ ಕೊಟ್ಟು, ಮೋರಿಯನ್ನು ಅಳೆದ. ಆರು ಅಡಿ ಎರಡು ಇಂಚು. ಅರ್ಧಕ್ಕೆ ಮೂರು ಅಡಿ ಒಂದು ಇಂಚು. ಸರಿಯಾಗಿ ಅಲ್ಲಿ, ಕೈ ನಡುಗದಂತೆ, ಒಂದು ಉದ್ದ ಒಂದು ಗಿಡ್ಡ, ಒಂದು ಉದ್ದ ಒಂದು ಗಿಡ್ಡ, ಗೀಟುಗಳನ್ನು ಹಾಕುತ್ತ ಸೆಂಟರ್ ಲೈನ್, ಅಂದರೆ ನಡುವಿನ ಗೆರೆ, ಎಳೆದ. ಯಾವ ಗೇಜಿಗಾದರೂ ಮೊದಲು ಎಳೆಯುವ ಗೆರೆ ಅದು. ಎಲ್ಲ ಅಳತೆಗಳೂ ಅಲ್ಲಿಂದಲೇ ಹೊರಡುತ್ತವೆ, ಆದರೆ ಉಕ್ಕಿನಲ್ಲಿ ಮಾತ್ರ ಅದು ಎಲ್ಲಿಯೂ ಇರುವುದಿಲ್ಲ. ಹಣಮಂತ ಗಾರೆಕೆಲಸ ಬಿಟ್ಟು ಶೆಡ್ಡಿಗೆ ಸೇರಿದ ಹೊಸತರಲ್ಲಿ ಅವನಿಗೆ ಕಲಿಸಿದ ಮೊದಲ ಪಾಠವೂ ಅದೇ. "ಇದು ಕಾಗದದ ಮ್ಯಾಲೆ ಮಾತ್ರ ಇರ್ತೈತಪ್ಪ. ಕೈಯಾಡಿಸಿದ್ರ ಸಿಗಂಗಿಲ್ಲ." ಗೆರೆಗೆ ಅಗಲವಿಲ್ಲ, ಮೋರಿಗೆ ಆರಡಿ ಅಗಲವಿದೆ ಎನ್ನುವುದು, ಮೂವತ್ತು ವರ್ಷ ಡ್ರಾಯಿಂಗ್ ನೋಡಿದ ಅವನ ತಲೆಗೆ ಹೊಳೆಯಲೇ ಇಲ್ಲ. ಅಷ್ಟು ಅಚ್ಚುಕಟ್ಟಾದ ನಕ್ಷೆಯನ್ನು ಬೇರೆ ಯಾರೂ ಕೊಟ್ಟಿರದಿದ್ದ ಕಾರಣ ಅದನ್ನೇ ಒಪ್ಪಿದರು. ಎರಡು ತಿಂಗಳಿಗೆ ಕೊಟ್ರೇಶನಿಗೆ ವರ್ಗವಾಯಿತು. ಈಗ ಅವನು ಫೋನೂ ಎತ್ತುವುದಿಲ್ಲ.

ಹತ್ತು ಗಂಟೆಗೆ ಎರಡೂ ಪಾಲಿಕೆಯ ಎಂಜಿನಿಯರುಗಳು ಬಂದು ಮೋರಿಯ ಜಂಟಿ ಪರಿಶೀಲನೆ ಮಾಡುತ್ತಾರೆ ಎಂದು ಪತ್ರ ಬಂದಿತ್ತು. ಎಂಟು ದೂರು ಕೊಟ್ಟ ಮೇಲೆ ಬಂದ ಪತ್ರ. ಹತ್ತೂವರೆಗೆ ಈಚೆ ಪಾಲಿಕೆಯ ದಿವ್ಯಾ ಮೇಡಂಗೆ ಫೋನ್ ಮಾಡಿದ. "ಅವ್ರು ಹೊರಟ್ರೆ ನಾನೂ ಹೊರಡ್ತೀನಿ ಸಾರ್. ಜಂಟಿ ಅಂದ್ಮೇಲೆ ನಾನೊಬ್ಳೇ ಬಂದು ಏನ್ ಮಾಡ್ಲಿ?" ಆಚೆ ಪಾಲಿಕೆಯ ಇರಣ್ಣನಿಗೆ ಮಾಡಿದರೆ, "ಮೇಡಂ ಹೊರಟ್ರಾ ಕೇಳಿ ಸಾರ್, ಅವ್ರು ಹೊರಟಿದ್ ತಕ್ಷಣ ನಾನು ಅಲ್ಲಿರ್ತೀನಿ." ಹನ್ನೊಂದಾಯಿತು. ಹನ್ನೊಂದೂವರೆಗೆ ನೀರು ಹೊಸ್ತಿಲು ದಾಟಿತು. ಎರಡು ಗಂಟೆಗೆ ಬರುವವರು ಪುಣೆಯ ಗಿರಾಕಿ ಕಂಪನಿಯವರು. ಈ ಶೆಡ್ಡಿನ ಮುಕ್ಕಾಲು ಕೆಲಸ ಅವರದೇ. ಅಳತೆ ಮಾಡುವ ಜಾಗ ಕನ್ನಡಿಯಂತಿರಬೇಕು ಎನ್ನುವ ಜನ ಈ ಹೆಗ್ಗಣವನ್ನು ನೋಡಿದರೆ ಕಾರಿನಿಂದಲೇ ಇಳಿಯುವುದಿಲ್ಲ. ಹನ್ನೊಂದು ಜನ ಕೆಲಸದವರು ಕೈಕಟ್ಟಿ ನಿಂತು ತನ್ನ ಮುಖವನ್ನೇ ನೋಡುತ್ತಿದ್ದಾರೆ ಅನ್ನಿಸಿ ಅವನಿಗೆ ಅವರ ಮೇಲೂ ಸಿಟ್ಟು ಬಂತು.

ಆಗ ಹಣಮಂತ ಮುಂದೆ ಬಂದ. ಯಾದಗಿರಿ ಕಡೆಯವನು, ಬಸಕ್ಕನ ಗಂಡ, ನಲವತ್ತು ದಾಟಿದ ಆಳು. ಗ್ರೈಂಡಿಂಗ್ ಮೆಷಿನ್ನು ಅವನದು. ಅಂದರೆ ಮಡಿವಾಳಪ್ಪನದೇ, ಆದರೆ ಹದಿನೆಂಟು ವರ್ಷದಿಂದ ಅದಕ್ಕೆ ಇನ್ನೊಬ್ಬರ ಕೈ ಸೋಕಗೊಟ್ಟವನಲ್ಲ. "ಸಾಹೇಬ್ರ, ನೀರು ಮಿಷನ್ನಿನ ಬುಡಕ್ಕ ಬಂತ್ರಿ. ಇನ್ನಾ ಒಂದು ತಾಸು ಬಿಟ್ರ ಅದು ಕೆಟ್ಟು ಕೆರ ಹಿಡೀತದ. ನಾ ಇಳಿತೀನ್ರಿ," ಎಂದ. ಮಡಿವಾಳಪ್ಪನಿಗೆ ಗೊತ್ತಿತ್ತು. ಮನುಷ್ಯರನ್ನು ಇಂಥದ್ದಕ್ಕೆ ಇಳಿಸುವುದು ಅಪರಾಧ ಎಂದು ಮುಖ್ಯರಸ್ತೆಯಲ್ಲಿ ಬೋರ್ಡೇ ಇದೆ. ಎರಡು ಬೇಸಿಗೆಯ ಹಿಂದೆ ಇನ್ನೆಲ್ಲೋ ಒಂದು ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಪತ್ರಿಕೆಯಲ್ಲಿ ಗುಂಡಿಯ ಪಕ್ಕ ಬಿಟ್ಟ ಒಂದು ಜೊತೆ ಚಪ್ಪಲಿಯ ಚಿತ್ರ ಬಂದಿತ್ತು. ಅದನ್ನು ನೋಡಿ, ಛೆ, ಎಂಥ ಜನ ಎಂದು ಗಟ್ಟಿಯಾಗಿ ಹೇಳಿ ಮಹಾದೇವಿಗೂ ತೋರಿಸಿದ್ದ. ಬೇಡ ಎನ್ನಬೇಕು, ಎರಡಕ್ಷರ. ನಾಲಗೆಯ ತುದಿಗೆ ಬಂತು ಕೂಡ. ಅವನು ಜೇಬಿನಿಂದ ಫೋನ್ ತೆಗೆದು ಗಂಟೆ ನೋಡಿದ. "ಆಡಿಟ್‌ನವ್ರು ಎರಡಕ್ಕ ಬರ್ತಾರ," ಎಂದ.

ಹಣಮಂತ ತಲೆಯಾಡಿಸಿ, ಅಂಗಿ ಕಳಚಿ, ಫೋನು ಮತ್ತು ಸೊಂಟದ ಕೀಲಿಕೈ ಬಸಕ್ಕನಿಗೆ ಕೊಟ್ಟ. ಚಪ್ಪಲಿಯನ್ನು ದಂಡೆಯ ಮೇಲೆ ಜೋಡಿಸಿಟ್ಟ. ಬಸಕ್ಕ ಗಂಡನ ಕಡೆ ನೋಡಲಿಲ್ಲ, ಮಡಿವಾಳಪ್ಪನ ಹತ್ತಿರ ಬಂದಳು. "ಸಾಹೇಬ್ರ, ನೀವು ಬ್ಯಾಡಂದ್ರ ಬಿಡ್ತಾನ್ರಿ. ನನ್ನ ಮಾತು ಕೇಳಾಂವಲ್ಲ ಅಂವ," ಎಂದಳು, ಯಾರಿಗೂ ಕೇಳದಷ್ಟು ಮೆಲ್ಲಗೆ. ಅವನು ಅವಳ ತಲೆಯ ಮೇಲಿಂದ ಚಪ್ಪಲಿಗಳನ್ನು ನೋಡುತ್ತ, "ಸೊಂಟಕ್ಕ ಹಗ್ಗ ಕಟ್ಟಿಕೊಂಡು ಇಳೀಲಿ," ಎಂದ. ಎಷ್ಟು ಕಾಳಜಿಯ ಮನುಷ್ಯ! ತನ್ನ ಬಾಯಿಂದ ಬಂದ ಮಾತು ತನಗೇ ಉಗುಳಿನಂತೆ ಕಂಡಿತು. ಬೇಡ ಎಂದು ಹೇಳಿದರೆ ಮೆಷಿನ್ನು ಹೋಗುತ್ತದೆ, ಆಡಿಟ್ ಹೋಗುತ್ತದೆ, ಇಳಿ ಎಂದು ಹೇಳಿದರೆ ಪಾಪ ಬರುತ್ತದೆ. ಹೀಗಾಗಿ ಹಗ್ಗದ ಮಾತು. ಈ ಬುದ್ಧಿ ತನಗೆ ಯಾವ ಗುರು ಕಲಿಸಿದ ಎಂದು ಅಸಹ್ಯಪಟ್ಟುಕೊಳ್ಳುತ್ತಿದ್ದಾಗಲೇ ಹಣಮಂತ ಎದೆಮಟ್ಟಕ್ಕೆ ಇಳಿದಿದ್ದ.

ಚಪ್ಪಡಿಯ ಕೆಳಗೆ ಅವನ ತಲೆ ಮರೆಯಾಯಿತು. ಹಗ್ಗ ಬಸಕ್ಕನ ಕೈಯಲ್ಲಿತ್ತು. ಮಡಿವಾಳಪ್ಪ ಎರಡು ಹೆಜ್ಜೆ ಹಿಂದೆ, ಇಟ್ಟಿಗೆಯ ಮೇಲೆ ನಿಂತಿದ್ದ. ಹಗ್ಗ ಒಂದಿಷ್ಟು ಜಗ್ಗಿತು, ಸಡಿಲವಾಯಿತು, ಮತ್ತೆ ಜಗ್ಗಿತು. ಆಮೇಲೆ ಅಲ್ಲಾಡಲಿಲ್ಲ. "ಏನ್ರೀ," ಎಂದು ಬಸಕ್ಕ ಕರೆದಳು. ನೀರಿನ ಮೇಲೆ ಗುಳ್ಳೆಗಳು ಬಂದು ಒಡೆದವು, ಆ ನಾತಕ್ಕೆ ನಿಂತವರೆಲ್ಲ ಮುಖ ತಿರುಗಿಸಿದರು. "ಏನ್ರೀ," ಎಂದು ಮತ್ತೆ ಕರೆದಳು. ಆ ಹೊತ್ತಿನಲ್ಲಿ ಮಡಿವಾಳಪ್ಪನ ತಲೆಯಲ್ಲಿ ಮೊದಲು ಬಂದದ್ದು ಪೊಲೀಸ್ ಸ್ಟೇಷನ್ನು. ಆಮೇಲೆ ಬಂದದ್ದು ಆಡಿಟ್‌ನವರಿಗೆ ಫೋನ್ ಮಾಡಿ ನಾಳೆ ಬನ್ನಿ ಎನ್ನಬೇಕು ಎನ್ನುವುದು. ಹಣಮಂತ ಬಂದದ್ದು ಮೂರನೆಯವನಾಗಿ. ಆ ಸಾಲನ್ನು ಅವನು ಸ್ಪಷ್ಟವಾಗಿ ಕಂಡ, ಯಾರೋ ಬರೆದು ಕೈಗೆ ಕೊಟ್ಟಂತೆ. ಬಸಕ್ಕ ಹಗ್ಗವನ್ನು ಎರಡೂ ಕೈಯಿಂದ ಎಳೆಯತೊಡಗಿದಳು. ಅಷ್ಟರಲ್ಲಿ ಒಳಗೆಲ್ಲೋ ಗಂಟಲು ಬಿಚ್ಚಿದಂಥ ಸದ್ದಾಗಿ, ನಿಂತ ನೀರು ಒಮ್ಮೆ ನಡುಗಿ, ಹೆಗ್ಗಣ ತಿರುಗುವುದನ್ನು ಬಿಟ್ಟು ಮುಂದಕ್ಕೆ ಹೊರಟಿತು.

ಹಣಮಂತ ಚಪ್ಪಡಿಯ ಈ ಬದಿಗೆ ತಲೆ ಹಾಕಿದ. ಮುಖ ಯಾವುದು, ಕೂದಲು ಯಾವುದು ತಿಳಿಯುತ್ತಿರಲಿಲ್ಲ. ಗೋಡೆಗೆ ಆತು ಎರಡು ಸಲ ವಾಂತಿ ಮಾಡಿದ. ಹತ್ತಲು ನೋಡಿದರೆ ಪಾಚಿಗೆ ಕಾಲು ಜಾರಿತು. ಮತ್ತೆ ಹತ್ತಿದ, ಮತ್ತೆ ಜಾರಿದ. ಆಮೇಲೆ ಬಲಗೈ ಎತ್ತಿ ಚಾಚಿದ. ಹಗ್ಗ ಹಿಡಿದಿದ್ದ ಬಸಕ್ಕನನ್ನು ಬಿಟ್ಟರೆ ಎಲ್ಲರಿಗಿಂತ ಹತ್ತಿರವಿದ್ದವನು ಮಡಿವಾಳಪ್ಪ. ಆ ಕೈ ಅವನ ಕಡೆಗೇ ಬಂದಿತ್ತು, ಮೊಣಕೈವರೆಗೆ ಕಪ್ಪು ಸುರಿಯುತ್ತ, ಬೆರಳುಗಳಿಗೆ ಕೂದಲಿನ ಗುಂಜು ಸುತ್ತಿಕೊಂಡು. ಇಂಚಿನ ಸಾವಿರದಲ್ಲೊಂದು ಭಾಗವನ್ನು ಬೆರಳಿನಿಂದಲೇ ಗುರುತಿಸಬಲ್ಲ ಕೈ ಅದು. ಮಡಿವಾಳಪ್ಪ ಬಗ್ಗಿದ. ಬಗ್ಗಿದಾಗ ತನ್ನ ಬಿಳಿ ತೋಳು ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಬಿದ್ದಿದ್ದ ನಾಲ್ಕಡಿಯ ಪೈಪನ್ನು ಎತ್ತಿ, ಎರಡೂ ಕೈಯಿಂದ ಭದ್ರವಾಗಿ ಹಿಡಿದು, ಅದರ ತುದಿಯನ್ನು ಹಣಮಂತನ ಕೈಗೆ ಕೊಟ್ಟ. ಹಣಮಂತ ಒಂದು ಗಳಿಗೆ ಪೈಪನ್ನು ನೋಡಿದ. ಹಿಡಿದ. ಮೇಲೆ ಬಂದು ಕೂತು, ಉಸಿರು ಬಂದ ಮೇಲೆ, "ಬರೋಬರಿ ಮಾಡಿದ್ರಿ ಸಾಹೇಬ್ರ, ಕೈ ಹೊಲಸಾಗ್ತಿದ್ದವು," ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಮಡಿವಾಳಪ್ಪ ಬೈದಾದರೂ ಬಚಾವಾಗುತ್ತಿದ್ದ.

ಮುಕ್ಕಾಲು ಗಂಟೆ ಕಳೆದು ಎಂಜಿನಿಯರುಗಳು ಒಟ್ಟಿಗೇ ಬಂದರು. ನೀರು ಹೊಸ್ತಿಲಿನಿಂದ ಇಳಿದು ಕೆಸರಷ್ಟೇ ಉಳಿದಿತ್ತು. "ಹರೀತಾ ಇದ್ಯಲ್ಲ ಸಾರ್, ಪ್ರಾಬ್ಲಮ್ ಎಲ್ಲಿ?" ಎಂದ ಇರಣ್ಣ. ದಿವ್ಯಾ ಸಣ್ಣ ವಯಸ್ಸಿನ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ತೊಟ್ಟಿಯ ಪಕ್ಕದಲ್ಲಿ ಬಸಕ್ಕ ಪೈಪು ಹಿಡಿದು ಗಂಡನ ತಲೆಗೆ ನೀರು ಬಿಡುತ್ತಿದ್ದುದನ್ನು ಕಂಡು ಅವಳ ಪೆನ್ನು ನಿಂತಿತು. "ಮನುಷ್ಯರನ್ನ ಇಳಿಸಿದ್ರಾ ಸಾರ್? ಹಾಗಿದ್ರೆ ನಾನು ಅದನ್ನೇ ಬರೀಬೇಕಾಗತ್ತೆ." ಇರಣ್ಣ ಅವಳನ್ನು ಮಗುವನ್ನು ನೋಡುವಂತೆ ನೋಡಿದ. "ಯಂತ್ರ ಅಂತ ಬರೀರಿ ಮೇಡಂ. ಅವ್ರಿಗೂ ಒಳ್ಳೇದು, ನಮಗೂ ಒಳ್ಳೇದು." ಯಾವ ಪಾಲಿಕೆಯ ಯಂತ್ರ ಎಂದು ಇಬ್ಬರಿಗೂ ಸ್ವಲ್ಪ ಚರ್ಚೆಯಾಗಿ, ಕೊನೆಗೆ ಎರಡೂ ಪಾಲಿಕೆಗಳು ಜಂಟಿಯಾಗಿ ಯಂತ್ರದ ಮೂಲಕ ಹೂಳೆತ್ತಿವೆ, ದೂರುದಾರರಿಗೆ ತೃಪ್ತಿಯಾಗಿದೆ ಎಂದು ಬರೆದರು.

ಸಹಿಗೆ ಮುಂಚೆ ಇರಣ್ಣ ಫೈಲಿನ ಹಾಳೆ ತಿರುವುತ್ತ ಒಂದು ಕಡೆ ನಿಂತ. "ನೋಡಿ ಸಾರ್ ಈ ಕೆಲಸ. ಸೀದಾ ಮೋರಿ ಮಧ್ಯಕ್ಕೆ ಗಡಿ. ಡ್ರಾಯಿಂಗ್ ಮಾತ್ರ ಸಕ್ಕತ್ತಾಗಿ ಬಿಡ್ಸಿದಾನೆ ಪುಣ್ಯಾತ್ಮ. ಈ ಆಕ್ಷೇಪಣೆ ಕೊಟ್ಟೋರೇ ಬಂದು, ತಪ್ಪಾಗಿದೆ, ಗೆರೆನ ಒಂದು ದಂಡೆಗೆ ಸರಿಸಿ ಅಂತ ಬರ್ಕೊಟ್ರೆ ನಾಳೆನೇ ಮೇಲಕ್ಕೆ ಕಳಿಸ್ತೀನಿ. ಮೋರಿ ಯಾರ್ದಾದ್ರೂ ಒಬ್ರದಾಗತ್ತೆ, ಪ್ರತಿ ಮಳೆಗೂ ಈ ಗೋಳಿರಲ್ಲ. ಆದ್ರೆ ಸಹಿ ಮೇಲೆ ಸೀಲ್ ಬಿದ್ದು ಹೆಸರೇ ಕಾಣ್ತಿಲ್ಲ. ನಿಮ್ ಸಂಘದಲ್ಲಿ ಯಾರು ಸಾರ್ ಇದು?" ಸೇತುವೆ ದಾಟಿ ಬಂದಿದ್ದ ಚಿಕ್ಕಮುನಿಯಪ್ಪ ಕತ್ತು ಚಾಚಿ ಹಾಳೆ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವಂತೆ ಮಡಿವಾಳಪ್ಪನ ಕೈ ತಾನಾಗಿ ಜೇಬಿನ ಪೆನ್ಸಿಲ್ಲಿಗೆ ಹೋಯಿತು. ನಾನು ಎಂದರೆ ಸಾಕು, ಇನ್ನೊಂದು ಎರಡಕ್ಷರ. ಚಿಕ್ಕಮುನಿಯಪ್ಪ ನಗುತ್ತಾನೆ, ಸಂಘದವರು ಉಗಿಯುತ್ತಾರೆ, ಕೊಟ್ರೇಶನ ವಿಷಯ ಹೊರಬೀಳುತ್ತದೆ. ಅಷ್ಟೇ, ಯಾರೂ ಸಾಯುವುದಿಲ್ಲ. ತೊಟ್ಟಿಯ ಹತ್ತಿರ ಹಣಮಂತ ಮುಖದ ನೀರು ಒರೆಸಿಕೊಳ್ಳುತ್ತ ಇತ್ತಲೇ ನೋಡುತ್ತಿದ್ದ. ಟೇಪಿನ ಆ ತುದಿ ಹಿಡಿದಿದ್ದವನು ಅವನೊಬ್ಬನೇ.

"ಗೊತ್ತಿಲ್ರೀ," ಎಂದ ಮಡಿವಾಳಪ್ಪ. "ಆಗ ಯಾರ್ಯಾರೋ ಕೊಟ್ಟಿದ್ರು."

ಇರಣ್ಣ ಫೈಲು ಮಡಚಿದ. ಮಡಿವಾಳಪ್ಪ ತೃಪ್ತಿಯಾಗಿದೆ ಎನ್ನುವುದರ ಕೆಳಗೆ ಸಹಿ ಹಾಕಿದ. ಸಾಕ್ಷಿಗೆ ಕೆಲಸಗಾರನೊಬ್ಬ ಬೇಕು ಎಂದಾಗ ಹಣಮಂತನೇ ಒದ್ದೆ ಮೈಯಲ್ಲಿ ಬಂದು, ಅಂಗೈಯನ್ನು ಲುಂಗಿಗೆ ಎರಡು ಸಲ ಒರೆಸಿಕೊಂಡು, ಯಂತ್ರದ ಮೂಲಕ ಎಂದು ಬರೆದ ಸಾಲಿನ ಪಕ್ಕ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದ. ದಿವ್ಯಾ ಅವನ ಮುಖ ನೋಡಲಾರದೆ ಹಾಳೆ ತೆಗೆದುಕೊಂಡಳು. ಅವರ ಜೀಪು ತಿರುಗಿದ ಮೇಲೆ ಹಣಮಂತ ಅಲ್ಲೇ ನಿಂತಿದ್ದ. ಅವನ ಕಣ್ಣುಗಳು ಕೆಂಡದಂತೆ ಕೆಂಪಾಗಿದ್ದವು. "ಸಾಹೇಬ್ರ," ಎಂದ, ಕೆಲಸ ಕಲಿಯುವಾಗ ಅನುಮಾನ ಕೇಳುತ್ತಿದ್ದ ದನಿಯಲ್ಲೇ, "ತಳಮಟ ಕೈಯಾಡಿಸಿ ನೋಡಿದ್ನಿರಿ. ಗೆರಿ ಎಲ್ಲೂ ಸಿಗಲಿಲ್ರಿ."

ಏನಾದರೂ ಹೇಳಬೇಕಲ್ಲ ಎಂದು ಮಡಿವಾಳಪ್ಪ, "ಆಡಿಟ್‌ನವ್ರು ಬಂದು ಹೋಗೋತನಕ ಸ್ವಲ್ಪ ಹಿಂದುಗಡೇನೇ ಇರು. ವಾಸ್ನಿ ಐತಿ," ಎಂದ. ಹಣಮಂತ, "ಹೂಂನ್ರಿ," ಎಂದು ಬಸಕ್ಕನ ಕೈಯಿಂದ ಚಪ್ಪಲಿ ತೆಗೆದುಕೊಂಡು ಶೆಡ್ಡಿನ ಹಿಂಭಾಗಕ್ಕೆ ನಡೆದ. ಬಸಕ್ಕ ಹೋಗಲಿಲ್ಲ. ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಬದಿಗೆ ಪೇರಿಸತೊಡಗಿದಳು, ಇವನು ಅಲ್ಲಿ ನಿಂತೇ ಇಲ್ಲವೆನ್ನುವ ಹಾಗೆ. ಎರಡು ಗಂಟೆಯಾಗುತ್ತ ಬಂದಾಗ ಮಡಿವಾಳಪ್ಪ ಒಳಗೆ ಹೋಗಿ ಬೇಸಿನ್ನಿನ ನಲ್ಲಿ ಬಿಟ್ಟು ಸೋಪು ಹಚ್ಚಿ ಕೈ ತೊಳೆದ. ರೂಢಿಯಂತೆ ಎಡ ಅಂಗೈಯನ್ನು ಮೂಗಿಗೆ ಹಿಡಿದ. ಸೋಪಿನ ವಾಸನೆ. ಮತ್ತೆ ಮೂಸಿದ, ಬಲಗೈಯನ್ನೂ ಮೂಸಿದ, ಉಗುರಿನ ಸಂದುಗಳನ್ನೂ ಮೂಸಿದ. ಬೆಳಿಗ್ಗೆ ಲಿಂಗದ ಸುತ್ತ ಎದ್ದಿದ್ದ ಆ ನಾತ ಈಗ ಹುಡುಕಿದರೂ ಇರಲಿಲ್ಲ. ಮಹಾದೇವಿ ನಿಜವನ್ನೇ ಹೇಳಿದ್ದಳು. ಅವನ ಕೈ ಶುದ್ಧವಾಗಿತ್ತು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಆ ಕೈಯನ್ನೇ ಚಾಚಿಕೊಂಡು ಅವನು ಬಂದವರನ್ನು ಎದುರುಗೊಳ್ಳಲು ಹೋದ.